ಹಂಪಣ್ಣನ ಹೆಸರಿನ ವೋಟು

ಹಂಪಣ್ಣ ತೀರಿಕೊಂಡ ಮೇಲೂ ಅವನ ಕೆಮ್ಮು ಮನೆ ಬಿಟ್ಟು ಹೋಗಿರಲಿಲ್ಲ. ಮಧ್ಯಾಹ್ನ ಊರೆಲ್ಲ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿ, ಓಣಿಯಲ್ಲಿ ನಾಯಿಯೂ ಸುಳಿಯದ ಹೊತ್ತಿನಲ್ಲಿ ಪಡಸಾಲೆಯಿಂದ ಒಣ ಕೆಮ್ಮು ಕೇಳಿಸುತ್ತಿತ್ತು. ಹಿಂದೆಯೇ, ಚಪ್ಪಲಿಯನ್ನು ಹೊಸ್ತಿಲ ಫರಸಿಕಲ್ಲಿಗೆ ಬಡಿದು ಮಣ್ಣು ಕೊಡವುವ ಸಪ್ಪಳ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಸೂಗಮ್ಮನ ಕೈ ಹಾಗೇ ನಿಂತುಬಿಡುತ್ತಿತ್ತು. ಮೊದಮೊದಲು ಎದ್ದು ಹೋಗಿ ನೋಡುತ್ತಿದ್ದಳು. ಬಿಸಿಲು ಬಿದ್ದ ಖಾಲಿ ಪಡಸಾಲೆ, ಗೋಡೆಯ ಮೇಲೆ ಹಾರ ಹಾಕಿದ ಅವನ ಫೋಟೊ, ಅಷ್ಟೇ. ಬರುಬರುತ್ತ ನೋಡುವುದನ್ನೇ ಬಿಟ್ಟಳು. ನೋಡಿದರೆ ಅವನಿರುವುದಿಲ್ಲ, ನೋಡದಿದ್ದರೆ ಇರುತ್ತಾನೆ ಎನ್ನುವುದು ಅವಳಿಗೆ ರೂಢಿಯಾಯಿತು.

ಸೈದಾಪುರಕ್ಕೆ ಕೊಟ್ಟ ಮಗಳು ಸೌಭಾಗ್ಯ ಫೋನಿನಲ್ಲಿ ಇದನ್ನು ಕೇಳಿ ಹೆದರಿದಳು. "ಅವ್ವಾ, ನಾಕು ದಿನ ನಮ್ಮನಿಗೆ ಬಂದಿರು," ಎಂದಳು. ಸೂಗಮ್ಮ ಹೋಗಲಿಲ್ಲ. ತಾನು ಹೋದರೆ ಮನೆಯಲ್ಲಿ ಅವನೊಬ್ಬನೇ ಆಗುತ್ತಾನಲ್ಲ ಎಂಬ ವಿಚಾರ ಬಂತು. ಅಂಥ ವಿಚಾರ ತನಗೆ ಬಂತಲ್ಲ ಎಂದು ಆಮೇಲೆ ಅವಳ ಮೈ ಜುಮ್ಮೆಂದಿತು.

ದೋರನಹಳ್ಳಿ ದಾಟಿದ ಮೇಲೆ ಕರಿ ಹೊಲಗಳ ನಡುವೆ ಇರುವ ಅತ್ತಿಗೇರಾದಲ್ಲಿ ಹಂಪಣ್ಣನಿಗಿದ್ದ ಹೆಸರು ಬೇರೆ ಯಾರಿಗೂ ಇರಲಿಲ್ಲ. ಗ್ರಾಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದಾಗ ಅವನು ಸೂಗಮ್ಮನನ್ನು ನಿಲ್ಲಿಸಿ ಗೆಲ್ಲಿಸಿದ್ದ. ಬೋರ್ಡಿನ ಮೇಲೆ ಅವಳ ಹೆಸರು, ಕಾರುಬಾರು ಅವನದು. ಸಭೆಗೆ ಅವನೇ ಹೋಗುತ್ತಿದ್ದ, ಶಹಾಪುರದ ಆಫೀಸುಗಳನ್ನು ಅವನೇ ಹತ್ತಿ ಇಳಿಯುತ್ತಿದ್ದ. ಅವಳು ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು ಅವನು ತೋರಿಸಿದಲ್ಲಿ ಸಹಿ ಹಾಕುತ್ತಿದ್ದಳು. ಹಂಪಣ್ಣ ಮಾತಿನ ಮನುಷ್ಯನಲ್ಲ. ಯಾರು ಬಂದು ಗೋಳು ತೋಡಿಕೊಂಡರೂ ಪೂರ್ತಿ ಕೇಳಿಸಿಕೊಂಡು, ಹೆಗಲ ಮೇಲಿನ ಟವೆಲ್ಲನ್ನು ಒಂದು ಸಲ ಕೊಡವಿ ಹಾಕಿಕೊಂಡು, ಕೆಮ್ಮಿ, "ತಡೀರಿ, ಆಗ್ತದ," ಎನ್ನುತ್ತಿದ್ದ. ಆಗಿಯೂ ಬಿಡುತ್ತಿತ್ತು. ರಸ್ತೆ ಆಯಿತು, ಓಣಿಗಳಿಗೆ ನಳ ಬಂತು, ಎಷ್ಟೋ ಮುದುಕಿಯರಿಗೆ ಪಿಂಚಣಿ ಬಂತು. ಹೇಗೆ ಆಗುತ್ತಿತ್ತು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ, ಹೆಂಡತಿಗೂ. ಶಹಾಪುರದಿಂದ ಬರುವಾಗ ದಾರಿಯಲ್ಲಿ ಬೈಕು ನಿಲ್ಲಿಸಿ ಬೇವಿನ ಮರದ ಕೆಳಗೆ ಕೂತವನು ಮತ್ತೆ ಏಳಲಿಲ್ಲ. ಆ ಗುಟ್ಟೂ ಅವನ ಜೊತೆಗೇ ಮಣ್ಣಿಗೆ ಹೋಯಿತು.

ಮತ್ತೆ ಪಂಚಾಯಿತಿ ಚುನಾವಣೆ ಬಂತು. ಈ ಸಲವೂ ಅಧ್ಯಕ್ಷ ಸ್ಥಾನ ಹೆಂಗಸರದ್ದೇ. ಊರ ನಡುವಿನ ವಾರ್ಡಿನಲ್ಲಿ ಗೆದ್ದವಳೇ ಆ ಕುರ್ಚಿಗೆ ಎನ್ನುವುದು ಎಲ್ಲರೂ ಒಪ್ಪಿಕೊಂಡ ಮಾತಾಗಿತ್ತು. ಹಂಪಣ್ಣನ ಬಲಗೈಯಂತಿದ್ದ ಅಂಬ್ರಪ್ಪ ಒಂದು ಮಧ್ಯಾಹ್ನ ಸೂಗಮ್ಮನ ಪಡಸಾಲೆಗೆ ಬಂದು ಕೂತ.

"ಸೂಗವ್ವ, ನೀ ನಿಲ್ಲಬೇಕು."

"ನಂಗೇನು ತಿಳೀತದ ಅಣ್ಣಾ?"

"ಒಂದು ಸಲ ಅಧ್ಯಕ್ಷಳಾಗಿ ಕೂತಾಕಿ ನೀ. ನಿನ್ನಷ್ಟು ಅನುಭವ ಈ ಊರಾಗ ಯಾ ಹೆಣ್ಮಗಳಿಗದ?"

"ಕೂತಾಕಿ ನಾ ಅಲ್ಲ. ನಿಮಗೂ ಗೊತ್ತದ."

ಅಂಬ್ರಪ್ಪ ಗೋಡೆಯ ಫೋಟೊ ಕಡೆ ನೋಡಿದ. "ಗೊತ್ತದ. ಅದಕ್ಕೇ ಹೇಳ್ತೀನಿ. ಮಂದಿ ನಿನ್ನ ಮಾರಿ ನೋಡಿದ್ರ ಅವನ್ನ ನೆನಸ್ತಾರ. ಅಷ್ಟು ಸಾಕು."

ಒಲ್ಲೆ ಎನ್ನಬೇಕೆಂದೇ ಸೂಗಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಬೆನ್ನ ಹಿಂದೆ, ಕಿವಿಗೆ ಉಸಿರು ತಾಗುವಷ್ಟು ಹತ್ತಿರದಲ್ಲಿ ಆ ಕೆಮ್ಮು ಕೇಳಿಸಿತು. "ತಡೀರಿ, ಆಗ್ತದ," ಎಂದು ಅವಳ ಬಾಯಿ ಹೇಳಿತು. ಅಂಬ್ರಪ್ಪನ ಕೈಯಲ್ಲಿದ್ದ ಚಹಾದ ಕಪ್ಪು ತುಟಿಗೆ ಹೋಗುವುದು ಅರ್ಧಕ್ಕೆ ನಿಂತಿತು. ಆಮೇಲೆ ಅವನು ನಕ್ಕ. ಆದರೆ ಹೋಗುವಾಗ ಫೋಟೊಕ್ಕೆ ಕೈಮುಗಿದು ಹೋದ.

ಎದುರಿಗೆ ನಿಂತವಳು ಬಸವೇಶ್ವರಿ. ಸುರಪುರದಿಂದ ಸೊಸೆಯಾಗಿ ಬಂದವಳು, ಎಂ.ಎ. ಓದಿ ಶಹಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಮಾತಾಡಲು ನಿಂತರೆ ಕೇಳುವವರು ಕೈಯ ಕೆಲಸ ಮರೆಯುತ್ತಿದ್ದರು. ಹುಡುಗರೆಲ್ಲ ಅವಳ ಕಡೆ, ಹಿರಿಯರೆಲ್ಲ ಸೂಗಮ್ಮನ ಕಡೆ. "ಆಕಿ ಬರೇ ಮಾತು," ಎಂದು ಇವರು, "ಈಕಿಗೆ ಮಾತೇ ಬರಂಗಿಲ್ಲ," ಎಂದು ಅವರು. ಕಡೆಗೆ ಇಬ್ಬರನ್ನೂ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಲ್ಲಿಸಿ ಕೇಳಿಯೇ ಬಿಡೋಣ ಎಂದು ಹುಡುಗರು ಒಂದು ಸಂಜೆ ಮೈಕು ಕಟ್ಟಿದರು.

ಬಸವೇಶ್ವರಿ ಮೊದಲು ಮಾತಾಡಿದಳು. "ನೀರು ಕೇಳೋದು ಭಿಕ್ಷಾ ಬೇಡೋದಲ್ಲ. ಪಂಚಾಯಿತಿಗೆ ಬಂದದ್ದು ಏನು, ಹೋದದ್ದು ಎಲ್ಲಿಗೆ ಅಂತ ಕೇಳೋ ಹಕ್ಕು ರೊಟ್ಟಿ ಬಡಿಯೋ ಕೈಗೂ ಅದ. ಆ ಕೈ ಬರೇ ಸಹಿ ಮಾಡಾಕ ಇಲ್ಲ," ಎಂದಳು. ಯಾರ ಹೆಸರನ್ನೂ ಎತ್ತಲಿಲ್ಲ. ಸೂಗಮ್ಮನಿಗೆ ಆ ಮಾತು ಎದೆಗೆ ನಾಟಿತು, ಸಿಟ್ಟು ಬರಲಿಲ್ಲ. ಇವಳಿಗೇ ವೋಟು ಹಾಕಬೇಕು ಎಂದು ಒಳಗೇ ಅನ್ನಿಸಿತು.

"ಮಾತು ಚಂದ ಅದ, ಯವ್ವಾ. ಮಾಡಿದ ಕೆಲಸ ಯಾದರೆ ಒಂದು ತೋರ್ಸು," ಎಂದು ಹಿಂದಿನಿಂದ ಒಬ್ಬ ಮುದುಕ ಕೂಗಿದ.

"ಕುರ್ಚಿ ಕೊಡದಲೇ ಕೆಲಸ ತೋರ್ಸು ಅಂದ್ರ ಹ್ಯಾಂಗ್ರಿ, ಕಾಕಾ?" ಎಂದಳು ಬಸವೇಶ್ವರಿ. ಎಲ್ಲರೂ ನಕ್ಕರು. ಮುದುಕನೂ ನಕ್ಕ.

ಆಮೇಲೆ ಮೈಕು ಸೂಗಮ್ಮನ ಕೈಗೆ ಬಂತು. ಅವಳಿಗೆ ಎದುರಿನ ಮುಖಗಳೆಲ್ಲ ಕಲಸಿಹೋದವು. ಗಂಟಲು ಒಣಗಿ ಕೆಮ್ಮು ಬಂತು. ಮೈಕಿನಲ್ಲಿ ಆ ಕೆಮ್ಮು ಗುಡಿಯ ಗೋಡೆಗೆ ಬಡಿದು ವಾಪಸು ಬಂದಾಗ ಅದು ತನ್ನದಲ್ಲ ಎಂದು ಅವಳಿಗೆ ಗೊತ್ತಾಯಿತು. ಕೈ ತಾನಾಗಿ ಮೇಲೆ ಹೋಗಿ, ಹೆಗಲ ಮೇಲಿನ ಸೆರಗನ್ನು ಟವೆಲ್ಲಿನಂತೆ ಕೊಡವಿ ಹಾಕಿಕೊಂಡಿತು. "ನಾ ಭಾಳ ಮಾತಾಡಂಗಿಲ್ಲ. ತಡೀರಿ, ಆಗ್ತದ," ಎಂದಳು. ದನಿ ದಪ್ಪಗಿತ್ತು.

ಕೆಳಗಿನ ಓಣಿಯ ಯಂಕಮ್ಮ, ಹಂಪಣ್ಣನ ಹೊಲದಲ್ಲಿ ಬಹಳ ಕಾಲ ಕೂಲಿ ಮಾಡಿದ ಮುದುಕಿ, ಹೆಂಗಸರ ನಡುವಿನಿಂದ ಎದ್ದು ನಿಂತು ಕೈಮುಗಿದಳು.

"ಯಪ್ಪಾ, ಬಂದಿಯೇನಪಾ!"

ಮರುದಿನದಿಂದ ಸೂಗಮ್ಮನ ಮನೆಗೆ ಜನ ಬರತೊಡಗಿದರು. ಅವಳನ್ನು ನೋಡಲು ಬಂದವರಲ್ಲ. ಕಾಯಿ, ಊದುಬತ್ತಿ ತಂದು ಫೋಟೊದ ಮುಂದಿಟ್ಟು, ಅವಳ ಎದುರು ಕೂತು, "ಹಂಪಣ್ಣ, ಮನಿ ಮಂಜೂರಾಗ್ತದೇನು?" ಎಂದು ಅವಳ ಕಣ್ಣನ್ನೇ ನೋಡುತ್ತ ಕೇಳುತ್ತಿದ್ದರು. ಅವಳು ಸುಮ್ಮನೆ ಕೂತರೆ ಅದನ್ನೂ ಉತ್ತರವೆಂದು ತಿಳಿದು ಎದ್ದು ಹೋಗುತ್ತಿದ್ದರು. ತನ್ನ ಹೆಸರು ಹಿಡಿದು ಕರೆಯುವವರೇ ಇಲ್ಲವಾದರು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಅವಳಿಗೆ ಹೆದರಿಕೆಯಾಗುತ್ತಿತ್ತು.

"ಅಣ್ಣಾ, ಇದು ಚಲೋ ಅಲ್ಲ. ನನ್ನ ಮೈಯಾಗ ಯಾರೂ ಬಂದಿಲ್ಲಂತ ಮಂದಿಗೆ ಹೇಳ್ರಿ," ಎಂದು ಅವಳು ಅಂಬ್ರಪ್ಪನ ಮುಂದೆ ಅತ್ತಳು.

"ಬಂದಿಲ್ಲಂತ ನಿಂಗ ಖಾತ್ರಿ ಅದ ಏನು?" ಎಂದ ಅಂಬ್ರಪ್ಪ. ಅವಳ ಕಣ್ಣು ಫೋಟೊದ ಕಡೆ ಹೋಯಿತು. "ನೀ ಹೌದನ್ನಬ್ಯಾಡ, ಅಲ್ಲನ್ನಬ್ಯಾಡ. ವೋಟಿನ ದಿನ ಮಟ ಸುಮ್ಮಕ ಕೂಡು."

ಅವಳು ಕೂತಳು. ವೋಟಿಗೆ ಇನ್ನು ಕೆಲವೇ ದಿನ ಇರುವಾಗ, ಮಧ್ಯಾಹ್ನದ ಬಿರುಬಿಸಿಲಿನಲ್ಲಿ ಯಂಕಮ್ಮ ಒಂದು ತಂಬಿಗೆ ಹಿಡಿದು ಬಂದಳು. ಅವಳ ಹಿಂದೆ ಕೆಳಗಿನ ಓಣಿಯ ಹೆಂಗಸರು ತುಂಬಿದ ಕೊಡಗಳನ್ನು ಸೊಂಟಕ್ಕೇರಿಸಿಕೊಂಡು ಅಂಗಳದಲ್ಲಿ ನಿಂತರು. ಯಂಕಮ್ಮ ತಂಬಿಗೆಯನ್ನು ಫೋಟೊದ ಕೆಳಗಿಟ್ಟಳು.

"ನಮ್ಮ ಓಣಿ ನಳದ ನೀರು ನಾತ ಬರಾಕತ್ತದ. ವಾಟರ್‌ಮನ್ ವಹಾಬನ್ನ ಕೇಳಿದ್ರ ಟಾಕಿ ತೊಳದೀನಿ, ಏನೂ ಇಲ್ಲಂತಾನ. ಬೋರಿನ ನೀರು ಬರೇ ಸವಳು, ಬಾಯಾಗ ಇಡಾಕ ಬರಂಗಿಲ್ಲ. ನನ್ನ ಮೊಮ್ಮಗಳು ರೇವತಿ ನಿನ್ನಿ ಸಂಜಿಂದ ವಾಂತಿ ಮಾಡಾಕತ್ತಾಳ. ದೃಷ್ಟಿ ಆಗ್ಯದಂತ ಒಬ್ಬರಂತಾರ, ನೀರಂತ ಒಬ್ಬರಂತಾರ. ಹಂಪಣ್ಣ ತಂದ ನಳ ಇದು. ಅವನ್ನೇ ಕೇಳು. ಕುಡೀರಿ ಅಂದ್ರ ಕುಡೀತೀವಿ, ಬ್ಯಾಡ ಅಂದ್ರ ಬಿಡ್ತೀವಿ."

ಸೂಗಮ್ಮ ತಂಬಿಗೆ ಎತ್ತಿ ಮೂಸಿದಳು. ನೀರು ನೋಡಲು ತಿಳಿಯಾಗಿತ್ತು. ಆದರೆ ಗಟಾರದ ಕೆಸರನ್ನು ಕೋಲಿನಿಂದ ಕಲಕಿದರೆ ಏಳುವ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಕಿವಿಯ ಹತ್ತಿರ ಕೆಮ್ಮು ಕೇಳಿಸಿತು. ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ, ಆ ಎರಡು ಶಬ್ದಗಳು ಮೇಲೇರಿ ಬರುತ್ತಿರುವುದು ಅವಳಿಗೆ ಗೊತ್ತಾಯಿತು. ತಡೀರಿ, ಆಗ್ತದ. ಅವು ಹೊರಬಿದ್ದರೆ ಈ ಹೆಂಗಸರು ಆ ಕೊಡಗಳನ್ನು ಮನೆಗೆ ಒಯ್ದು ಮಕ್ಕಳಿಗೆ ಕುಡಿಸುತ್ತಾರೆ. ಸೂಗಮ್ಮ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಇಂಥ ಹೊತ್ತಿನಲ್ಲಿ ಅವನು ಏನು ಮಾಡುತ್ತಿದ್ದ ಎಂದು ನೆನಪಿಸಿಕೊಳ್ಳಲು ನೋಡಿದಳು. ಯಾರಿಗೆ ಫೋನು ಮಾಡುತ್ತಿದ್ದ, ಆ ಪೈಪು ಎಲ್ಲಿಂದ ಬರುತ್ತದೆ, ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಅಧ್ಯಕ್ಷಳಾಗಿದ್ದ ಆ ವರ್ಷಗಳಿಂದ ಅವಳಿಗೆ ನೆನಪಿದ್ದದ್ದು ಅವನ ಬೆರಳು ತೋರಿಸುತ್ತಿದ್ದ ಜಾಗ ಒಂದೇ.

"ಕುಡೀಬ್ಯಾಡ್ರಿ," ಎಂದಳು.

ಯಂಕಮ್ಮ ಮುಂದಕ್ಕೆ ಬಾಗಿದಳು. "ಇದು ನೀ ಅನ್ನೋದೋ, ಅಂವ ಅನ್ನೋದೋ?"

"ನಾನು. ನಾತ ಬರಾಕತ್ತದಲ್ಲ, ನಿಮಗ ತಿಳಿಯಂಗಿಲ್ಲೇನು? ಬ್ಯಾಡ್ರಿ, ಕುಡೀಬ್ಯಾಡ್ರಿ."

ಮುದುಕಿಯ ಮುಖ ಇಳಿಯಿತು. "ನೀ ಅಂದ್ರ ಏನಾತವ್ವ. ನೀ ಏನು ಬಲ್ಲಿ? ನಿನ್ನ ಮನಿ ನಳ ಬ್ಯಾರೆ ಕಡೀಲಿಂದ ಬರ್ತದ. ಇದನ್ನ ಬಿಟ್ರ ನಾವು ಎಲ್ಲಿಂದ ತರೂಣು?" ಅಂಗಳದಲ್ಲಿದ್ದ ಒಬ್ಬ ಹೆಂಗಸು ಆಗಲೇ ಕೊಡ ಎತ್ತಿಕೊಂಡು ಹೊರಡಲು ತಿರುಗಿದ್ದಳು. "ಅವನ್ನ ಕೇಳವ್ವ," ಎಂದಳು ಯಂಕಮ್ಮ. "ನಾವು ಅವನ್ನ ಕೇಳಾಕ ಬಂದೀವಿ."

ಸೂಗಮ್ಮ ಕಣ್ಣು ಮುಚ್ಚಿದಳು. ಸೆರಗನ್ನು ಹೆಗಲ ಮೇಲೆ ಕೊಡವಿ ಹಾಕಿಕೊಂಡಳು. ಗಂಟಲನ್ನು ಬಿಗಿಹಿಡಿದು ಕೆಮ್ಮಿದಳು. ಅಲ್ಲಿಯವರೆಗೆ ಆ ಕೆಮ್ಮು ತಾನಾಗಿ ಬರುತ್ತಿತ್ತು, ಈಗ ಅವಳೇ ಅದನ್ನು ಎಳೆದು ತಂದಳು.

"ಬ್ಯಾಡ," ಎಂದಳು, ದಪ್ಪ ದನಿಯಲ್ಲಿ. "ಆ ನೀರು ಬ್ಯಾಡ. ಚೆಲ್ರಿ."

ಯಂಕಮ್ಮ ತಂಬಿಗೆಯನ್ನು ಅಲ್ಲೇ ಬೋರಲು ಹಾಕಿದಳು. ಹೆಂಗಸರು ಅಂಗಳದ ಕಲ್ಲಿನ ಮೇಲೆ ಕೊಡಗಳನ್ನು ಮಗುಚಿದರು. ಒಬ್ಬಳು ಓಣಿಗೆ ಹೇಳಲು ಓಡಿದಳು. ಎಲ್ಲರೂ ಹೋದ ಮೇಲೆ ಸೂಗಮ್ಮ ಉಸಿರು ಬಿಗಿಹಿಡಿದು ಕೂತಳು. ಅವನು ಈಗ ಏನನ್ನುತ್ತಾನೆ? ಅಂಗಳದ ಕಲ್ಲಿನ ಮೇಲೆ ನೀರು ಹರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ಮೌನ ಆ ಕೆಮ್ಮಿಗಿಂತ ಹೆಚ್ಚು ಭಯ ಹುಟ್ಟಿಸಿತು. ಅವಳು ಎದ್ದು, ಬಾಗಿಲು ಹಾಕುವುದನ್ನೂ ಮರೆತು, ಬಸವೇಶ್ವರಿಯ ಮನೆಗೆ ನಡೆದಳು.

ಬಸವೇಶ್ವರಿ ಬಾಗಿಲಲ್ಲೇ ನಿಂತಳು. "ಏನಕ್ಕಾ, ಒಬ್ಬರೇ ಬಂದೀರೋ, ಅಣ್ಣಾರನ್ನೂ ಜೋಡಿ ಕರಕೊಂಡು ಬಂದೀರೋ? ಸತ್ತವರ ಎದುರು ನಿಂತು ನಾ ಹ್ಯಾಂಗ ಚುನಾವಣಾ ಮಾಡ್ಲಿ, ನೀವೇ ಹೇಳ್ರಿ."

"ಒಬ್ಬಾಕೇ ಬಂದೀನಿ," ಎಂದಳು ಸೂಗಮ್ಮ. "ಕೆಳಗಿನ ಓಣ್ಯಾಗ ಕೂಸು ವಾಂತಿ ಮಾಡಾಕತ್ತದ. ನೀರು ಕೆಟ್ಟದ. ಯಾರಿಗೆ ಹೇಳಬೇಕೋ ನಂಗ ಗೊತ್ತಿಲ್ಲ, ಹೇಳಾಕ ನಂಗ ಬಾಯಿಲ್ಲ. ನಿಂಗ ಅದ."

ಬಸವೇಶ್ವರಿ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಫೋನು ತಂದಳು.

ಆಂಬುಲೆನ್ಸಿಗೆ ಫೋನು ಮಾಡಿದಳು. ಆರೋಗ್ಯ ಕೇಂದ್ರದ ಡಾಕ್ಟರಿಗೆ, ತಾಲೂಕು ಆಫೀಸಿಗೆ, ಪತ್ರಿಕೆಯಲ್ಲಿ ಬರೆಯುವ ತನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ. ಕಟ್ಟೆಯ ಮೇಲೆ ಆಡಿದಂಥ ಚಂದದ ಮಾತು ಇದರಲ್ಲಿ ಒಂದೂ ಇರಲಿಲ್ಲ. ಒಬ್ಬರನ್ನು ಬೇಡಿಕೊಂಡಳು, ಒಬ್ಬರನ್ನು ಗದರಿಸಿದಳು, ಚುನಾವಣೆಯ ಕೆಲಸದಲ್ಲಿದ್ದೇವೆ ಎಂದವರಿಗೆ, "ಕೂಸು ಸತ್ತ ಮ್ಯಾಲೆ ಯಾರ ವೋಟು ಎಣಸ್ತೀರಿ?" ಎಂದಳು. ಇತ್ತ ಸೂಗಮ್ಮ ವಹಾಬನನ್ನು ಹುಡುಕಿ ವಾಲ್ವು ಬಂದ್ ಮಾಡಿಸಿ, ಅವನ ಜೊತೆ ಪೈಪಿನ ಗುಂಟ ನಡೆದಳು. ಓಣಿಯ ತಿರುವಿನಲ್ಲಿ ಪೈಪು ಗಟಾರದೊಳಗೇ ಇಳಿದು ಹೋಗಿತ್ತು. ವಹಾಬ ಪ್ಯಾಂಟು ಮಡಚಿ ಇಳಿದು ಕೈಯಾಡಿಸಿದ. "ಜಾಯಿಂಟ್ ಬಿಟ್ಟದ್ರಿ ಅಕ್ಕಾ," ಎಂದ. ಅವನ ಮುಖ ಬಿಳಿಚಿತ್ತು. ಹೊತ್ತು ಮುಳುಗುವ ಮುಂಚೆ ರೇವತಿಯನ್ನೂ ವಾಂತಿ ಶುರುವಾಗಿದ್ದ ಇನ್ನಿಬ್ಬರು ಮುದುಕರನ್ನೂ ಶಹಾಪುರದ ಆಸ್ಪತ್ರೆಗೆ ಒಯ್ದರು. ಮರುದಿನ ಬೆಳಿಗ್ಗೆ ಓಣಿಗೆ ಟ್ಯಾಂಕರಿನಲ್ಲಿ ನೀರು ಬಂತು. ಸಲೈನು ಹಚ್ಚಿಸಿಕೊಂಡ ಹುಡುಗಿ ಕಣ್ಣು ತೆರೆದು ಅಜ್ಜಿಯ ಹತ್ತಿರ ಮಂಡಕ್ಕಿ ಕೇಳಿದಳಂತೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಇಬ್ಬರೇ ಕೂತಿದ್ದಾಗ ಬಸವೇಶ್ವರಿ ಕೇಳಿದಳು: "ಖರೇ ಹೇಳ್ರಿ ಅಕ್ಕಾ. ಆ ನೀರು ಬ್ಯಾಡ ಅಂದಾವರು ಯಾರು?"

"ನಾನೇ. ನನ್ನ ದನಿಲೇ ಹೇಳಿದೆ, ಕೇಳಲಿಲ್ಲ. ನಮ್ಮ ಮನಿಯವರ ದನಿ ತಗೊಂಡೆ."

ಬಸವೇಶ್ವರಿ ಚೀಲದಿಂದ ಫೋನು ತೆಗೆದಳು. "ನಾ ಇಷ್ಟು ದಿನ ಮಾತಾಡೀನಿ. ನನ್ನ ಮಾತಿಗೆ ಒಬ್ಬರೂ ಒಂದು ಕೊಡ ನೀರು ಚೆಲ್ಲಲಿಲ್ಲ."

"ಮಂದಿಗೆ ಹೇಳಿಬಿಡ್ಲೇನು?"

"ಹೇಳಿದ್ರ ನಾ ಗೆಲ್ಲಬಹುದು." ಬಸವೇಶ್ವರಿ ತನ್ನ ಫೋನನ್ನೇ ನೋಡುತ್ತಿದ್ದಳು. "ಆದ್ರ ಟ್ಯಾಂಕರ್ ತಡಾ ಆದ ದಿನ ಯಾರರೆ ವಾಲ್ವು ತಿರುವಿ ಅದೇ ನೀರು ಕುಡೀತಾರ. ಪೈಪು ರಿಪೇರಿ ಆಗೂಮಟ ಅಣ್ಣಾರು ಬ್ಯಾಡ ಅಂದಂಗೇ ಇರ್ಲಿ."

ಪೈಪು ರಿಪೇರಿಯಾಗುವುದರೊಳಗೆ ವೋಟು ಮುಗಿದಿತ್ತು. ಎಣಿಕೆಯ ದಿನ ಸೂಗಮ್ಮ ಗೆದ್ದಳು, ಬಸವೇಶ್ವರಿಗೆ ಹುಡುಗರ ವೋಟುಗಳೂ ಪೂರ್ತಿ ಬಂದಿರಲಿಲ್ಲ. ಸತ್ತ ಮೇಲೂ ಹಂಪಣ್ಣ ಓಣಿಯನ್ನು ಉಳಿಸಿದ ಎಂಬ ಸುದ್ದಿ ಸುತ್ತಲಿನ ಹಳ್ಳಿಗಳಿಗೂ ಮುಟ್ಟಿತ್ತು. ಫೋನು ಮಾಡಿದವಳು ಯಾರೆಂದು ಯಾರೂ ಕೇಳಲಿಲ್ಲ. ಅಂಬ್ರಪ್ಪ ಪಟಾಕಿ ಹಚ್ಚಿಸಿ, ಗುಲಾಲು ಎರಚಿ, ದೊಡ್ಡ ಹಾರವನ್ನು ಫೋಟೊಕ್ಕೆ ಹಾಕಿದ. ಸೂಗಮ್ಮನಿಗೆ ಹಾಕಲು ತಂದ ಹಾರ ಚಿಕ್ಕದಿತ್ತು.

ಅಂದಿನಿಂದ ಅವಳು ಪ್ರತಿ ಮಧ್ಯಾಹ್ನ ಕಿವಿಗೊಟ್ಟು ಕೂತಳು. ಏನೂ ಕೇಳಿಸಲಿಲ್ಲ. ಅವನ ದನಿಯನ್ನು ತಾನು ಕಿತ್ತುಕೊಂಡೆನೋ, ಅವನೇ ಬಿಟ್ಟುಕೊಟ್ಟು ಹೋದನೋ ಅವಳಿಗೆ ತಿಳಿಯಲಿಲ್ಲ. ಮನೆ ಮೊದಲ ಸಲ ಬರೇ ಮನೆಯಾಗಿತ್ತು. ಅದರೊಳಗೆ ಅವಳಿಗೆ ನಿದ್ದೆ ಹತ್ತಲಿಲ್ಲ.

ಒಂದು ದಿನ ತಡೆಯಲಾರದೆ ಕೆಳಗಿನ ಓಣಿಗೆ ಹೋಗಿ ಯಂಕಮ್ಮನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಅವತ್ತು ಮಾತಾಡಿದವನು ಹಂಪಣ್ಣನಲ್ಲ, ನಾನು, ಬೇಕೆಂದೇ ಹಾಗೆ ಕೆಮ್ಮಿದೆ, ಆಂಬುಲೆನ್ಸ್ ಕರೆಸಿದವಳು ಬಸವೇಶ್ವರಿ, ಎಂದಳು. ಯಂಕಮ್ಮ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಹಂಪಣ್ಣನೂ ಹಿಂಗೇ ಅಂತಿದ್ದ. ನಂದೇನಿಲ್ಲ ಯಂಕಮ್ಮ, ಎಲ್ಲಾ ತಾನೇ ಆಗ್ತದ ಅಂತಿದ್ದ." ಅವಳು ಸೂಗಮ್ಮನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಯಾರನ್ನೋ ಹುಡುಕುವವಳಂತೆ ಕಣ್ಣೊಳಗೆ ನೋಡಿದಳು. "ಒಳಗ ಆರಾಮ ಇದ್ದೀಯಲ್ಲಪಾ?" ಎಂದು ಕೇಳಿದಳು.

ಸೂಗಮ್ಮ ಅಧ್ಯಕ್ಷಳಾದ ಮೇಲಿನ ಪಂಚಾಯಿತಿಯ ಮೊದಲ ಸಭೆಯಲ್ಲಿ ಪೈಪಿನ ವಿಷಯ ಬಂತು. ಹಳೆಯ ಲೈನಿಗೇ ತೇಪೆ ಹಾಕಿ ಬಿಡುವುದೋ, ಗಟಾರದಿಂದ ದೂರ ಹೊಸ ಲೈನು ಎಳೆಯುವುದೋ ಎಂದು ಕಾರ್ಯದರ್ಶಿ ಕೇಳಿದ. ಸದಸ್ಯರೆಲ್ಲ ಸೂಗಮ್ಮನ ಗಂಟಲನ್ನೇ ನೋಡುತ್ತ ಕೂತಿದ್ದರು. ಅವಳು ಒಳಗೆ ಕಿವಿಗೊಟ್ಟಳು. ಅಲ್ಲಿ ಯಾರೂ ಇರಲಿಲ್ಲ.

"ಹೊಸಾ ಲೈನ್ ಎಳೀಬೇಕು. ಅದಕ್ಕ ಏನೇನು ಬೇಕು ನಂಗ ಗೊತ್ತಿಲ್ಲ. ಬಸವೇಶ್ವರಿನ ಕರೀರಿ," ಎಂದಳು.

"ಆಕಿ ಸೋತಾಳಲ್ರಿ," ಎಂದ ಕಾರ್ಯದರ್ಶಿ.

"ಸೋತ್ರ ಬಾಯಿ ಹೋಗ್ಯದೇನು? ಕರೀರಿ."

ಮೂಲೆಯಲ್ಲಿ ಕೂತಿದ್ದ ಅಂಬ್ರಪ್ಪ ಮೆಲ್ಲಗೆ ಕೇಳಿದ: "ಇದು ಹಂಪಣ್ಣನ ಮಾತೇನು, ಸೂಗವ್ವ?"

ಹೌದು ಎಂದರೆ ಆ ಗಳಿಗೆಯಲ್ಲೇ ಕೆಲಸ ಆಗುತ್ತಿತ್ತು. ಅವಳ ಕೈ ಸೆರಗಿನ ತನಕ ಹೋಯಿತು. ಆಮೇಲೆ ಕೆಳಗಿಳಿಯಿತು.

"ಅಲ್ಲ. ನಂದು."

ಕಾರ್ಯದರ್ಶಿ ಅಂಬ್ರಪ್ಪನ ಮುಖ ನೋಡಿದ, ಅಂಬ್ರಪ್ಪ ನೆಲ ನೋಡಿದ. ಯಾರೂ ಕುರ್ಚಿಯಿಂದ ಏಳಲಿಲ್ಲ. ಸೂಗಮ್ಮ ತಾನೇ ಎದ್ದು ಬಿಸಿಲಿಗೆ ಹೊರಬಿದ್ದು ಬಸವೇಶ್ವರಿಯ ಮನೆಗೆ ಹೋದಳು. ಬಸವೇಶ್ವರಿ ಮೊದಲು ಒಲ್ಲೆ ಎಂದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

ಮುಂದಿನ ವಾರ ಇಬ್ಬರೂ ಬಸ್ಸಿನಲ್ಲಿ ಶಹಾಪುರಕ್ಕೆ ಹೋದರು. ಆಫೀಸಿನಲ್ಲಿ ಬಸವೇಶ್ವರಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಧಿಕಾರಿ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದ.

"ನಿಮ್ಮಾಗ ಅಧ್ಯಕ್ಷರು ಯಾರ್ರಿ?"

"ನಾನ್ರಿ," ಎಂಬ ದನಿ ಕೇಳಿತು. ಸಣ್ಣ, ಸ್ವಲ್ಪ ಒಡಕಲು ದನಿ. ಸೂಗಮ್ಮ ಬೆಚ್ಚಿ ಹಿಂದೆ ತಿರುಗಿ ನೋಡಿದಳು, ಯಾರು ಮಾತಾಡಿದ್ದೆಂದು. ಹಿಂದೆ ಯಾರೂ ಇರಲಿಲ್ಲ.

"ಕೂಡ್ರಿ," ಎಂದು ಅಧಿಕಾರಿ ಕುರ್ಚಿ ತೋರಿಸಿದ. ಬಸವೇಶ್ವರಿ ಅವಳ ಮೊಣಕೈ ಹಿಡಿದು ಕೂರಿಸಿದಳು.